ಅಪ್ಪನನ್ನು ಕರೆದುಕೊಂಡು ಬಾ

ಹೈಸ್ಕೂಲಿಗೆ ಹೊಸದಾಗಿ ಮೇಷ್ಟ್ರಾಗಿ ಸೇರಿದ ಹುಡುಗರು ಆಗಾಗ ನಮ್ಮ ಮನೆಗೆ ಬಂದು, "ಸಾರ್, ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಡೋದು ಹೇಗೆ?" ಎಂದು ಕೇಳುತ್ತಾರೆ. ಟಿ. ನರಸೀಪುರ, ನಂಜನಗೂಡು ಎರಡೂ ತಾಲ್ಲೂಕುಗಳಲ್ಲಿ ನನಗೆ 'ಶಿಸ್ತಿನ ಮೇಷ್ಟ್ರು' ಎಂಬ ಹೆಸರಿದೆ. ಆ ಹೆಸರು ಹೇಗೆ ಬಂತೆಂದು ಎದುರು ಕೂತು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲು, ಹಾರ ಇವುಗಳ ವಿಷಯ ಬಿಟ್ಟಿದ್ದೇನೆ. ಅವು ಎಲ್ಲರ ನೌಕರಿಯಲ್ಲೂ ಒಂದೇ ಥರ ಇರುತ್ತವೆ. ಶಾಲೆಗಳಿದ್ದ ಹಳ್ಳಿಗಳ ಹೆಸರನ್ನೂ ಬರೆಯುವುದಿಲ್ಲ.

ತೊಂಬತ್ತರ ದಶಕ ಶುರುವಾದಾಗ ನಾನು ಟಿ. ನರಸೀಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅಲ್ಲಿನ ಹೆಡ್ಮಾಸ್ಟರು ರಾಜಶೇಖರಯ್ಯನವರು. ಇಸ್ತ್ರಿ ಮಾಡಿದ ಸಫಾರಿ ಹಾಕಿಕೊಂಡು, ಪ್ರಾರ್ಥನೆ ಹೊತ್ತಿಗೆ ಗೇಟಿನ ಬಳಿ ನಿಂತರೆ ಎದುರು ರಸ್ತೆಯ ಎತ್ತಿನಗಾಡಿಯೂ ಸದ್ದು ಮಾಡದೆ ಹೋಗುತ್ತಿತ್ತು. ಅಲ್ಲಿಯವರೆಗೆ ಶಾಲೆಯಲ್ಲಿ ಬೆತ್ತದ ಆಡಳಿತ. ಒಂದು ಸಲ ಒಬ್ಬ ಮೇಷ್ಟ್ರು ಹೊಡೆದು ಹುಡುಗನೊಬ್ಬನ ಕೈ ಊದಿಕೊಂಡಿತು. ಅವನ ಸೋದರಮಾವಂದಿರು ಶಾಲೆಗೇ ಬಂದರು. ಮಾರನೆಯ ದಿನ ರಾಜಶೇಖರಯ್ಯನವರು ಬೆತ್ತಗಳನ್ನೆಲ್ಲ ಉಗ್ರಾಣಕ್ಕೆ ಹಾಕಿಸಿ ಬೀಗ ಜಡಿದರು.

"ಇನ್ನು ಮೇಲೆ ಯಾರೂ ಕೈ ಎತ್ತಬೇಡಿ. ತಪ್ಪು ಮಾಡಿದವನಿಗೆ, ಅಪ್ಪನ್ನ ಕರೆದುಕೊಂಡು ಬಾ ಅನ್ನಿ. ಅಪ್ಪ ಬರೋ ತನಕ ಕ್ಲಾಸಿಗೆ ಸೇರಿಸಬೇಡಿ" ಎಂದರು.

"ಅಂದರೆ ಸಸ್ಪೆಂಡ್ ಮಾಡಿದ ಹಾಗೆ ಆಗುತ್ತಲ್ಲ ಸಾರ್?" ಎಂದೆ.

"ಸಸ್ಪೆಂಡ್ ಅಂದರೆ ಮೇಲಿನವರಿಗೆ ಬರೀಬೇಕು, ಕಾರಣ ಕೊಡಬೇಕು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅವನ ಅಪ್ಪನೇ ಸಾಕು" ಎಂದು ನಕ್ಕರು. ಕೆಂಪು ರಟ್ಟಿನ ಉದ್ದನೆಯ ಪುಸ್ತಕವೊಂದನ್ನು ತರಿಸಿ ನನ್ನ ಕೈಗೆ ಕೊಟ್ಟರು. ಗಣಿತದವನಾದ್ದರಿಂದ ಗೆರೆ ನೆಟ್ಟಗೆ ಎಳೆಯುತ್ತೇನೆ ಎಂಬ ನಂಬಿಕೆ. ದಿನಾಂಕ, ಹೆಸರು, ತಪ್ಪು, ಕ್ರಮ, ತಂದೆಯ ಸಹಿ ಎಂದು ಐದು ಕಾಲಂ ಎಳೆದೆ. ಅಂದಿನಿಂದ ಶಿಸ್ತು ನನ್ನ ಖಾತೆಗೆ ಬಂತು.

ಆ ಪುಸ್ತಕದ ಮೊದಮೊದಲ ಪುಟಗಳಲ್ಲೇ ಇಬ್ಬರು ಹುಡುಗರ ಹೆಸರಿತ್ತು. ಒಬ್ಬ ರಘು, ಊರಿನ ಪಂಚಾಯ್ತಿಯ ದೊಡ್ಡ ಮನುಷ್ಯರೊಬ್ಬರ ತಮ್ಮನ ಮಗ. ಇನ್ನೊಬ್ಬ ನಂಜುಂಡ, ಊರಾಚೆಯ ಕಾಲೋನಿಯವನು, ಅಂದರೆ ಹೊಲೆಯರ ಕೇರಿಯ ಹುಡುಗ. ಮುಂದಿನ ಬೆಂಚಿನಲ್ಲಿ ಯಾರು ಕೂರಬೇಕೆಂದು ಜಗಳವಾಡಿ ಇಬ್ಬರೂ ಅಂಗಿ ಹರಿದುಕೊಂಡಿದ್ದರು. ನಾನು ಭೇದ ಮಾಡಲಿಲ್ಲ. ಇಬ್ಬರಿಗೂ ಒಂದೇ ಉಸಿರಿನಲ್ಲಿ, "ಅಪ್ಪನನ್ನು ಕರೆದುಕೊಂಡು ಬನ್ನಿ" ಎಂದೆ. ರಘುವಿನ ಅಪ್ಪ ಹತ್ತೂವರೆಗೆ ಬುಲೆಟ್‌ನಲ್ಲಿ ಬಂದು, ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿದು, ಕಬ್ಬಿನ ರೇಟು ಮಾತಾಡಿ, ಸಹಿ ಹಾಕಿ ಹೋದರು. ಹನ್ನೊಂದಕ್ಕೆ ರಘು ಮುಂದಿನ ಬೆಂಚಿನಲ್ಲಿ ಕೂತಿದ್ದ. ನಂಜುಂಡ ಬರಲೇ ಇಲ್ಲ. ಕೆಲವು ವಾರ ಕಾದು, ಗೈರುಹಾಜರಿ ಜಾಸ್ತಿಯಾಯಿತೆಂದು ನಿಯಮದಂತೆ ಅವನ ಹೆಸರು ಹೊಡೆದೆವು. ಕ್ರಮದ ಕಾಲಂನಲ್ಲಿ ನಾನು ದುಂಡಗೆ ಬರೆದಿದ್ದೆ: 'ಇಬ್ಬರಿಗೂ ಸಮಾನ ಶಿಕ್ಷೆ.' ಆ ವಾಕ್ಯದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಮುಂದಿನ ವರ್ಷ ಸೈಕಲ್ಲಿನಲ್ಲಿ ಹೋಗುವಾಗ ಕಬ್ಬಿನ ಗದ್ದೆಯಲ್ಲಿ ನಂಜುಂಡ ಕಂಡ. ಮಚ್ಚು ಹಿಡಿದಿದ್ದ. ನನ್ನನ್ನು ನೋಡಿ ತಲೆಗೆ ಕಟ್ಟಿದ್ದ ಟವಲು ತೆಗೆದು ನಿಂತ.

"ಯಾಕೋ ಸ್ಕೂಲಿಗೆ ಬರಲೇ ಇಲ್ಲ?" ಎಂದೆ.

"ನಮ್ಮಪ್ಪ ಇನ್ನೂ ಬಂದಿಲ್ಲ ಸಾ. ಕೊಡಗಿಗೆ ತ್ವಾಟದ್ ಕೆಲ್ಸಕ್ಕೋದೋನು, ಅಲ್ಲೇ ಅವ್ನೆ" ಎಂದ. ವ್ಯಂಗ್ಯವಾಗಿ ಹೇಳಲಿಲ್ಲ, ವರದಿ ಒಪ್ಪಿಸುವಂತೆ ಹೇಳಿದ. ನಾನು "ಸರಿ" ಎಂದು ಸೈಕಲ್ ತುಳಿದೆ. ಏನು ಸರಿ ಎಂದು ಆಗ ಯೋಚಿಸಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನೇ ಹೆಡ್ಮಾಸ್ಟರಾಗಿ ನಂಜನಗೂಡು ತಾಲ್ಲೂಕಿಗೆ, ಕವಲಂದೆಯಿಂದ ಇನ್ನೂ ಒಳಕ್ಕಿರುವ ಒಂದು ಹಳ್ಳಿಗೆ ಹೋದೆ. ಮೊದಲ ವಾರವೇ ಕೆಂಪು ರಟ್ಟಿನ ಪುಸ್ತಕ ತರಿಸಿ ಐದು ಕಾಲಂ ಎಳೆದೆ. ತಡವಾಗಿ ಬರುವವರನ್ನು ಹಿಡಿಯುವ ಕೆಲಸ ಪಿ.ಟಿ. ಮಾಸ್ಟರ್ ನಾಗರಾಜುವಿನದು. ಪಾಪದ ಮನುಷ್ಯ, ಆದರೆ ಸೀಟಿ ಬಾಯಿಗಿಟ್ಟರೆ ಬೇರೆ ಮನುಷ್ಯ. ಮೂರು ಸಲ ತಡವಾದರೆ ಅಪ್ಪನನ್ನು ಕರೆದುಕೊಂಡು ಬರಬೇಕು ಎಂಬ ನಿಯಮ ನಾನೇ ಮಾಡಿದ್ದು.

ಅದೇ ಕಾಲಕ್ಕೆ ಸರ್ಕಾರದಿಂದ ಆದೇಶ ಬಂತು. ಶಾಲೆಗೊಂದು ಎಸ್‌ಡಿಎಂಸಿ ಎಂಬ ಸಮಿತಿ ಮಾಡಬೇಕು, ಮಕ್ಕಳ ತಂದೆತಾಯಿಗಳೇ ಸದಸ್ಯರಾಗಬೇಕು, ಶಾಲೆಯ ಮೇಲುಸ್ತುವಾರಿಯನ್ನು ಅವರೇ ನೋಡಬೇಕು ಎಂದು. ರೈಸ್ ಮಿಲ್ಲಿನ ಮಹದೇವಪ್ಪನವರು ಅಧ್ಯಕ್ಷರಾದರು. ಅವರ ದೊಡ್ಡ ಮಕ್ಕಳೆಲ್ಲ ನಂಜನಗೂಡಿನ ಕಾನ್ವೆಂಟಿನಲ್ಲಿ ಓದಿದವರು. ಅಧ್ಯಕ್ಷರಾಗಬೇಕಾದರೆ ಶಾಲೆಯಲ್ಲಿ ಒಂದು ಮಗು ಇರಲೇಬೇಕಲ್ಲ, ಹಾಗಾಗಿ ಕೊನೆಯ ಮಗಳನ್ನು ನಮ್ಮಲ್ಲಿಗೆ ಸೇರಿಸಿದ್ದರು. ಪರಿಶಿಷ್ಟ ಜಾತಿಯಿಂದ ಒಬ್ಬರು ಬೇಕಿತ್ತು, ಹೆಂಗಸರಲ್ಲಿ ಒಬ್ಬರು ಬೇಕಿತ್ತು. ಕಾಲೋನಿಯ ಚಿಕ್ಕತಾಯಮ್ಮನನ್ನು ಹಾಕಿಕೊಂಡರೆ ಒಂದೇ ಹೆಸರಿನಲ್ಲಿ ಎರಡು ಕಾಲಂ ತುಂಬುತ್ತದೆಂದು ನಾನೇ ಸೂಚಿಸಿದೆ. ಆಕೆಯ ಮಗಳು ಮಂಜುಳಾ ನಮ್ಮಲ್ಲಿ ಹತ್ತನೇ ಕ್ಲಾಸು. ಚಿಕ್ಕತಾಯಮ್ಮ ಕೂಲಿಗೆ ಹೋಗುವವಳು. ಸಾಕ್ಷರತೆಯ ರಾತ್ರಿ ಶಾಲೆಯಲ್ಲಿ ಸಹಿ ಕಲಿತಿದ್ದಳು. ಮೊದಲ ಮೂರು ಮೀಟಿಂಗಿನಲ್ಲಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು, ಒಂದೂ ಮಾತಾಡದೆ, ಸಹಿ ಹಾಕಿ ಹೋದಳು. 'ಆದರ್ಶ ಸದಸ್ಯೆ' ಎಂದು ನಾವು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡೆವು.

ನಾಲ್ಕನೆಯ ಮೀಟಿಂಗಿಗೆ ಇನ್ನೂ ಎರಡು ವಾರವಿತ್ತು. ಮಂಜುಳಾ ಮೂರನೆಯ ಸಲ ತಡವಾಗಿ ಬಂದಳೆಂದು ನಾಗರಾಜು ಗೇಟಿನಿಂದಲೇ ವಾಪಸು ಕಳಿಸಿದರು. ಮಾರನೆಯ ದಿನ ಚಿಕ್ಕತಾಯಮ್ಮ ಕೂಲಿ ಬಿಟ್ಟು ನನ್ನ ಆಫೀಸಿಗೆ ಬಂದಳು.

"ಅವರಪ್ಪ ಕೊಡಗಲ್ಲಿ ಶುಂಠಿ ಕೆಲ್ಸಕ್ಕೋಗವ್ರೆ ಸಾ, ಯುಗಾದಿಗೇ ಬರದು. ನಾನ್ ಬಂದಿವ್ನಿ. ಸಾಲ್ದಾ?"

ನಾನು ಪುಸ್ತಕ ತೆಗೆದು ತೋರಿಸಿದೆ. "ಇಲ್ಲಿ ತಂದೆಯ ಸಹಿ ಅಂತ ಇದೆ ಚಿಕ್ಕತಾಯಮ್ಮ. ನಿಯಮ ಎಲ್ಲರಿಗೂ ಒಂದೇ."

ಆಕೆ ಪುಸ್ತಕವನ್ನು ಸ್ವಲ್ಪ ಹೊತ್ತು ನೋಡಿದಳು. "ಮೀಟಿಂಗ್ ಪುಸ್ತಕ್ದಲ್ಲಿ ನನ್ ಸಹಿ ಆಯ್ತದೆ, ಈ ಪುಸ್ತಕ್ದಲ್ಲಿ ಆಗಕಿಲ್ವಾ ಸಾ?"

ಉತ್ತರ ಹೊಳೆಯದಾಗ ಹೆಡ್ಮಾಸ್ಟರುಗಳು ಏನು ಹೇಳುತ್ತಾರೋ ಅದನ್ನೇ ಹೇಳಿದೆ: "ಮೀಟಿಂಗಿನಲ್ಲಿ ನೋಡೋಣ." ಆಕೆ ಹೋದಳು. ಎಸ್.ಎಸ್.ಎಲ್.ಸಿ. ವರ್ಷದ ಹುಡುಗಿ ಎರಡು ವಾರ ಮನೆಯಲ್ಲಿ ಕೂತಳು. ನಾನು ಆ ಎರಡು ವಾರ ದಿನಾ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದೆ. ಅವಳ ಹೆಸರಿನ ಮುಂದೆ ಸಾಲಾಗಿ 'ಗೈ' ಎಂದು ಬೀಳುತ್ತಿದ್ದುದು ನನಗೆ ಕಾಣುತ್ತಲೇ ಇತ್ತು.

ಮೀಟಿಂಗಿನ ದಿನ ಮಹದೇವಪ್ಪನವರು ಕಾಂಪೌಂಡಿಗೆ ಬಣ್ಣ ಹೊಡೆಸುವ ವಿಷಯ ಮುಗಿಸಿ, "ಇನ್ನೇನಾದ್ರೂ ಅದಾ?" ಎಂದು ಎದ್ದೇ ನಿಂತಿದ್ದರು. ಬಾಗಿಲ ಪಕ್ಕದಿಂದ ಚಿಕ್ಕತಾಯಮ್ಮ, "ಆ ಕೆಂಪು ಪುಸ್ತಕವ ಒಂದ್ಸಲ ಓದಿ ಸಾ, ಕೇಳವ" ಎಂದಳು.

ಮಹದೇವಪ್ಪನವರಿಗೆ ಖುಷಿಯಾಯಿತು. "ಓದಿ ಮೇಷ್ಟ್ರೇ, ನಮ್ಮ ಸ್ಕೂಲಿನ ಶಿಸ್ತು ನಾಕ್ ಜನಕ್ಕೆ ಗೊತ್ತಾಗ್ಲಿ" ಎಂದು ಮತ್ತೆ ಕೂತರು. ನನಗೂ ಖುಷಿಯೇ. ಒಂದೂ ಚಿತ್ತು ಕಾಟು ಇಲ್ಲದ ಪುಸ್ತಕ ಅದು. ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದೆ.

ಪ್ರತಿ ಹೆಸರಿಗೂ ಚಿಕ್ಕತಾಯಮ್ಮ ಕೂತಲ್ಲಿಂದಲೇ ಒಂದು ಮಾತು ಸೇರಿಸಿದಳು. "ಅವ್ನು ಸಿದ್ದಯ್ಯನ ಮಗ, ಇಟ್ಟಿಗೆ ಗೂಡಲ್ಲವ್ನೆ ಈಗ." ಮುಂದಿನದಕ್ಕೆ, "ಅವ್ಳು ಭಾಗ್ಯ, ನಮ್ ಮನೆ ಪಕ್ಕದೋಳು, ಕಳೆ ಕೀಳಕ್ಕೆ ಬತ್ತಳೆ ನಂಜೊತೇಲಿ." ನಡುವೆ ಊರೊಳಗೆ ತಮ್ಮದೇ ಮೇಲಿನ ಬೀದಿಯ ಹುಡುಗನ ಹೆಸರು ಬಂದರೆ ಮಹದೇವಪ್ಪನವರೇ ಉತ್ಸಾಹದಿಂದ, "ಅವ್ನಾ, ಅವ್ನು ನಂಜನಗೂಡು ಕಾಲೇಜಲ್ಲವ್ನೆ, ಬುದ್ವಂತ" ಎನ್ನುತ್ತಿದ್ದರು. ನಾನು ಓದುತ್ತಾ ಹೋದೆ. 'ತರಗತಿಯಲ್ಲಿ ಸೀಟಿ ಹೊಡೆದದ್ದು: ಎಚ್ಚರಿಕೆ ನೀಡಲಾಯಿತು.' ಅದರ ಕೆಳಗೇ, 'ತರಗತಿಯಲ್ಲಿ ಸೀಟಿ ಹೊಡೆದದ್ದು: ತಂದೆಯನ್ನು ಕರೆತರಲು ಮನೆಗೆ ಕಳುಹಿಸಲಾಯಿತು.' ಎರಡೂ ನನ್ನದೇ ಅಕ್ಷರ, ಒಂದೇ ಇಂಕು. ಯಾವುದು ಯಾವ ಬೀದಿಯ ಸೀಟಿ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ನಾಲ್ಕನೆಯ ಪುಟಕ್ಕೆ ನನ್ನ ದನಿ ತಗ್ಗಿತು. ಆರನೆಯ ಪುಟಕ್ಕೆ ಮಹದೇವಪ್ಪನವರ ಉತ್ಸಾಹವೂ ತಗ್ಗಿತು. ಜಾತಿ ಎಂಬ ಕಾಲಂ ಆ ಪುಸ್ತಕದಲ್ಲಿ ಇರಲಿಲ್ಲ. ಅದರ ಅಗತ್ಯವೇ ಬೀಳದಂತೆ ನಾನು ಪುಸ್ತಕ ತುಂಬಿಸಿದ್ದೆ.

"ಸಾಕು ಬುಡಿ" ಎಂದರು ಮಹದೇವಪ್ಪನವರು. "ಸ್ಕೂಲಲ್ಲಿ ಜಾತಿ ಮಾತು ಎತ್ತದು ಚಂದಾಗಿರಕಿಲ್ಲ."

"ನಾನೆಲ್ಲಿ ಎತ್ತುದ್ನಿ ಸಾವ್ಕಾರ್ರೇ?" ಎಂದಳು ಚಿಕ್ಕತಾಯಮ್ಮ. "ಹೆಸ್ರು ಓದುದ್ದು ಹೆಡ್ಮಾಸ್ಟ್ರು. ನಾನು ಈಗೆಲ್ಲವ್ರೆ ಅಂತ ಯೋಳ್ದಿ ಅಷ್ಟೇಯ."

ನಾಗರಾಜು ನನ್ನ ಕಡೆ ತಿರುಗಿ ಮೆಲ್ಲಗೆ, "ಸಾ, ನಾನ್ ನಿಮ್ ರೂಲ್ಸೇ ಫಾಲೋ ಮಾಡಿದ್ದು" ಎಂದರು. ಅದು ನಿಜವಾಗಿತ್ತು.

ಆಗ ಚಿಕ್ಕತಾಯಮ್ಮ ಒಂದು ಸಲಹೆ ಕೊಟ್ಟಳು. ಅಪ್ಪ ಶಾಲೆಗೆ ಬರಲು ಆಗದಿದ್ದರೆ ಅಧ್ಯಕ್ಷರೂ ಹೆಡ್ಮಾಸ್ಟರೂ ಮಗುವಿನ ಮನೆಗೆ ಹೋಗಿ ವಿಚಾರಿಸಬೇಕು. ಅಲ್ಲಿಯತನಕ ಮಗು ಕ್ಲಾಸಿನಲ್ಲೇ ಇರಬೇಕು. "ನಾವು ಬರಕಾಗ್ದೆ ಇದ್ರೆ ನೀವು ಬನ್ನಿ. ದಾರಿ ಒಂದೇ ಅಲ್ವಾ?" ಮಹದೇವಪ್ಪನವರು ಗಡಿಯಾರ ನೋಡಿಕೊಂಡು, "ಬರ್ಕಳಿ ಬರ್ಕಳಿ" ಎಂದರು. ಎಸ್‌ಡಿಎಂಸಿ ಠರಾವುಗಳು ಪುಸ್ತಕದಲ್ಲೇ ಹುಟ್ಟಿ ಪುಸ್ತಕದಲ್ಲೇ ಸಾಯುತ್ತವೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸರ್ವಾನುಮತದಿಂದ ಅಂಗೀಕಾರವಾಯಿತು. ಮಂಜುಳಾ ಮಾರನೆಯ ದಿನ ಕ್ಲಾಸಿಗೆ ಬಂದಳು. ನನ್ನ ಮುಖ ನೋಡಲಿಲ್ಲ.

ಆ ಠರಾವನ್ನು ಸಾಯಲು ಬಿಡಬಾರದೆಂದು ನನಗೆ ಯಾಕೆ ಅನ್ನಿಸಿತೋ. ಆತ್ಮಸಾಕ್ಷಿ ಎಂದು ಬರೆದುಕೊಳ್ಳಬಹುದು, ಆದರೆ ಆ ಪುಸ್ತಕವನ್ನು ಗಟ್ಟಿಯಾಗಿ ಓದಿದ ನಾಚಿಕೆಯೇ ಹೆಚ್ಚು. ಸೋಮವಾರ ಬೆಳಿಗ್ಗೆ ಎಂಟೂವರೆಗೆ ರೈಸ್ ಮಿಲ್ಲಿಗೆ ಹೋಗಿ, "ಬನ್ನಿ ಸಾವ್ಕಾರ್ರೇ, ಮಂಜುಳನ ಮನೆಗೆ ಹೋಗಿ ಬರೋಣ" ಎಂದೆ. ಅವರು ನನ್ನನ್ನು ಹುಚ್ಚನಂತೆ ನೋಡಿದರು. ಠರಾವಿನ ಕೆಳಗಿದ್ದ ಅವರದೇ ಸಹಿ ತೋರಿಸಿದೆ. ಗೊಣಗುತ್ತಾ ಬಂದರು. ನಾಗರಾಜುವನ್ನೂ ಕರೆದುಕೊಂಡೆ.

ಶಾಲೆಯಿಂದ ಕಾಲೋನಿಗೆ ಕಾಲ್ನಡಿಗೆಯಲ್ಲಿ ಕಾಲು ಗಂಟೆ. ಆ ಊರಿಗೆ ಬಂದು ಎರಡು ವರ್ಷವಾಗಿದ್ದರೂ ನಾನು ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ. ಕಾಲೋನಿಯ ನಲ್ಲಿಯ ಮುಂದೆ ಬಿಂದಿಗೆಗಳ ಸಾಲು. ಸಾಲಿನಲ್ಲಿ ನಿಂತಿದ್ದವರಲ್ಲಿ ಅರ್ಧ ನಮ್ಮ ಶಾಲೆಯ ಹೆಣ್ಣುಮಕ್ಕಳೇ, ಯೂನಿಫಾರಂ ಹಾಕಿಕೊಂಡು, ಜಡೆ ಹೆಣೆದುಕೊಂಡು. ನಾಗರಾಜುವನ್ನು ಕಂಡು ಎಲ್ಲರೂ ಬಿಂದಿಗೆಯ ಹಿಂದೆ ಸರಿದರು. ನಲ್ಲಿಯಲ್ಲಿ ಹನಿ ನೀರಿಲ್ಲ.

ನೀರು ಬಿಡುವ ನೀರುಗಂಟಿ ಬಸವಣ್ಣ ಅಲ್ಲೇ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ. "ಏಳಕ್ಕೆ ಮೇಲಿನ್ ಬೀದಿಗೆ ಬುಡ್ತೀನಿ ಸಾ. ಅವ್ರದು ಮುಗುದ್ಮೇಲೆ ಒಂಬತ್ತಕ್ಕೆ ಈ ಕಡೆ ವಾಲು ತಿರುಗುಸ್ತೀನಿ. ನಾನ್ ಮಾಡುದ್ ರೂಲ್ಸಲ್ಲ, ಮೊದ್ಲಿಂದ್ಲೂ ಅಂಗೇ ನಡ್ಕಬಂದದೆ" ಎಂದ. ಒಂಬತ್ತಕ್ಕೆ ನೀರು, ಒಂಬತ್ತೂವರೆಗೆ ಶಾಲೆಯ ಬೆಲ್ಲು. ನಾಗರಾಜು ತಮ್ಮ ಕೊರಳಿನ ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡರು. ನಾನು ಗಣಿತದವನು. ಎರಡು ವರ್ಷದಿಂದ ಈ ಲೆಕ್ಕ ನನ್ನ ಮುಂದೆಯೇ ಇತ್ತು.

ಚಿಕ್ಕತಾಯಮ್ಮನ ಮನೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಮೂರು ಲೋಟ ಕಾಫಿ ಬಂತು. ಮಹದೇವಪ್ಪನವರು ಕೈ ಅಡ್ಡ ಹಿಡಿದು, "ನಂಗೆ ಸಕ್ರೆ ಕಾಯ್ಲೆ ಕಣಮ್ಮ, ಕುಡಿಯಂಗಿಲ್ಲ" ಎಂದರು.

"ಗೊತ್ತು ಸಾವ್ಕಾರ್ರೇ. ನಿಮ್ಗೆ ಅಂತಾವ ಸಕ್ರೆ ಹಾಕ್ದೆ ಬ್ಯಾರೆ ಕಾಸಿವ್ನಿ" ಎಂದಳು ಚಿಕ್ಕತಾಯಮ್ಮ.

ಅವರು ಲೋಟವನ್ನು ತೆಗೆದುಕೊಂಡರು. ಬಾಗಿಲಲ್ಲಿ ಅರ್ಧ ಕಾಲೋನಿ ನಿಂತು ನೋಡುತ್ತಿತ್ತು. ಬಹಳ ಹೊತ್ತು ಬಿಸಿ ಆರಿಸಿದರು. ಅದಕ್ಕಿಂತ ಹೆಚ್ಚು ಆರಿಸಲು ಕಾಫಿಯಲ್ಲಿ ಬಿಸಿ ಉಳಿಯಲಿಲ್ಲ. ಕೊನೆಗೆ ಕುಡಿದರು.

ಆ ವಾರ ಕಾಲೋನಿಯ ಮತ್ತಿಬ್ಬರು ಹುಡುಗಿಯರು ಮೂರನೆಯ ಸಲ ತಡವಾದರು. ನಾನು ಮತ್ತೆ ಮಿಲ್ಲಿಗೆ ಹೋದೆ. ಮುಂದಿನ ವಾರ ಇನ್ನೊಂದು ಮನೆ. ಪ್ರತಿ ಮನೆಯಲ್ಲೂ ಸಕ್ಕರೆಯಿಲ್ಲದ ಕಾಫಿ ತಯಾರಾಗಿರುತ್ತಿತ್ತು, ಸುದ್ದಿ ಹರಡಿತ್ತು. ನಾಲ್ಕನೆಯ ಮನೆಯಿಂದ ಹೊರಬಂದ ಮೇಲೆ ಮಹದೇವಪ್ಪನವರು ದಾರಿಯಲ್ಲಿ ನಿಂತು, "ಮೇಷ್ಟ್ರೇ, ಈ ಹೆಣೈಕ್ಳು ಟೈಮಿಗೆ ಬಂದ್ಬುಟ್ರೆ ನಾನು ಇಲ್ಲಿಗೆ ಬರಂಗಿಲ್ವಲ್ಲ?" ಎಂದು ಕೇಳಿದರು.

"ಇಲ್ಲ" ಎಂದೆ.

ಎರಡು ದಿನದಲ್ಲಿ ವಾಲು ತಿರುಗಿತು. ಪಂಚಾಯ್ತಿಯಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ಒಂದು ದಿನ ಮೇಲಿನ ಬೀದಿಗೆ ಮೊದಲು, ಒಂದು ದಿನ ಕಾಲೋನಿಗೆ ಮೊದಲು ಎಂದಾಯಿತು. ಶಾಲಾ ಸುಧಾರಣೆಯಲ್ಲಿ ಸಮುದಾಯದ ಪಾತ್ರ ಎಂದು ತರಬೇತಿಯಲ್ಲಿ ನಮಗೆ ಮೂರು ದಿನ ಪಾಠ ಹೇಳಿದ್ದರು. ಕಾಫಿಯ ಪ್ರಸ್ತಾಪ ಅದರಲ್ಲಿರಲಿಲ್ಲ.

ಇದಾದ ಮೇಲೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ದಿನ ಬಿಟ್ಟು ದಿನ ಮೇಲಿನ ಬೀದಿಯ ಮಕ್ಕಳು ತಡವಾಗತೊಡಗಿದರು. ಒಂಬತ್ತಕ್ಕೆ ನೀರು ಬಂದರೆ ಸ್ನಾನ ಯಾವಾಗ, ತಿಂಡಿ ಯಾವಾಗ? ಗೇಟಿನಲ್ಲಿ ನಾಗರಾಜು ತಡೆದವರಲ್ಲಿ ಮಹದೇವಪ್ಪನವರ ಮಗಳೂ ಇದ್ದಳು. ಅವಳ ಮೂರನೆಯ ತಡ ದಾಖಲಾದ ವಾರವೇ ಅಧ್ಯಕ್ಷರು ತುರ್ತು ಮೀಟಿಂಗ್ ಕರೆದರು.

"ಐಕ್ಳು ಹತ್ತು ನಿಮ್ಷ ಲೇಟಾದ್ರೆ ಏನ್ ಮುಳುಗೋಯ್ತದೆ ಮೇಷ್ಟ್ರೇ? ಬೆಳಿಗ್ಗೆ ಎದ್ದು ಮನೇಲಿ ಏನೇನ್ ಕಷ್ಟ ಇರ್ತವೋ. ನಾವು ದೊಡ್ಡೋರು ಅರ್ಥ ಮಾಡ್ಕಬೇಕು" ಎಂದು ಬಹಳ ಮನ ಮುಟ್ಟುವಂತೆ ಮಾತಾಡಿದರು. ನಾನು ಚಿಕ್ಕತಾಯಮ್ಮನ ಕಡೆ ನೋಡಿದೆ. ಆಕೆ ಮುಖದಲ್ಲಿ ಏನೂ ತೋರಿಸದೆ, "ಸಾವ್ಕಾರ್ರು ಸರಿಯಾಗಿ ಯೋಳುದ್ರು. ನಾನು ಒಪ್ತೀನಿ" ಎಂದು ಕೈ ಎತ್ತಿದಳು. ಪ್ರಾರ್ಥನೆಯನ್ನು ಕಾಲು ಗಂಟೆ ಮುಂದಕ್ಕೆ ಹಾಕಿದೆವು. ತಡವಾಗಿ ಬಂದವರನ್ನು ಹೊರಗೆ ಹಾಕುವ ನಿಯಮವನ್ನೇ ತೆಗೆದೆವು. ಮಿಕ್ಕ ತಪ್ಪುಗಳಿಗೆ ಕಮಿಟಿಯ ಇಬ್ಬರು, ಮೇಲಿನ ಬೀದಿಯಿಂದ ಒಬ್ಬರು, ಕಾಲೋನಿಯಿಂದ ಒಬ್ಬರು, ಒಟ್ಟಿಗೆ ಕೂತು ಕೇಳಬೇಕೆಂದಾಯಿತು. ಒಟ್ಟಿಗೆ ಕೂರುವುದು ಇಬ್ಬರಿಗೂ ಮುಜುಗರ. ಹಾಗಾಗಿ ಮಕ್ಕಳ ಎಷ್ಟೋ ತಪ್ಪುಗಳು ತಪ್ಪೇ ಅಲ್ಲವೆಂದು ಬೇಗ ತೀರ್ಮಾನವಾಗುತ್ತಿದ್ದವು.

ಮಂಜುಳಾಳ ಕಥೆ ಇನ್ನೂ ಮುಗಿದಿರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಅವಳ ಹಾಜರಿ ಕಮ್ಮಿ ಬಿತ್ತು. ನಡುವೆ ಜ್ವರ ಬಂದದ್ದು, ಅಮ್ಮನ ಬದಲು ಕೂಲಿಗೆ ಹೋದದ್ದು, ಇವುಗಳ ಜೊತೆ ನಾನು ಹೊರಗಿಟ್ಟ ಎರಡು ವಾರ ಸೇರಿ ಪರೀಕ್ಷೆಗೆ ಕೂರಿಸುವಂತಿರಲಿಲ್ಲ. ವಿನಾಯಿತಿ ಕೇಳಿ ಮೇಲಿನವರಿಗೆ ಬರೆಯಬೇಕು. ನಾನು ಇದ್ದದ್ದನ್ನು ಇದ್ದಂತೆ ಬರೆದೆ: 'ಸದರಿ ವಿದ್ಯಾರ್ಥಿನಿಯ ಗೈರುಹಾಜರಿಗೆ ಮುಖ್ಯೋಪಾಧ್ಯಾಯನಾದ ನನ್ನ ತಪ್ಪು ಕ್ರಮವೇ ಕಾರಣ.' ನೌಕರಿಯಲ್ಲಿ ನಾನು ಬರೆದ ಅತಿ ಪ್ರಾಮಾಣಿಕ ವಾಕ್ಯ ಅದೇ ಇರಬೇಕು.

ಅಧಿಕಾರಿಗಳು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯರೇ. "ಏನ್ರೀ ಇದು? ನನ್ನ ತಪ್ಪು ಅಂತ ಯಾರಾದರೂ ಫೈಲಲ್ಲಿ ಬರೀತಾರಾ? ಹೀಗೆ ಬರೆದರೆ ನಿಮಗೆ ನೋಟಿಸು ಕೊಡಬೇಕಾಗುತ್ತೆ, ನೀವು ಉತ್ತರ ಕೊಡಬೇಕು, ಅಷ್ಟರಲ್ಲಿ ಪರೀಕ್ಷೆ ಮುಗಿದೇ ಹೋಗಿರುತ್ತೆ. ಆ ಹುಡುಗಿಗೆ ಪರೀಕ್ಷೆ ಬೇಕೋ, ನಿಮಗೆ ಪ್ರಾಯಶ್ಚಿತ್ತ ಬೇಕೋ?"

"ಹುಡುಗಿಗೆ ಪರೀಕ್ಷೆ ಬೇಕು ಸಾರ್."

"ಹಾಗಾದರೆ ಕಾಮಾಲೆ ಅಂತ ಬರೀರಿ."

ಬರೆದೆ. ಬಾರದ ಕಾಮಾಲೆಯಿಂದ ಗುಣಮುಖಳಾಗಿ ಮಂಜುಳಾ ಪರೀಕ್ಷೆ ಬರೆದಳು. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಆ ವರ್ಷ ಅದೇ ಅಧಿಕಾರಿಗಳು ತಪಾಸಣೆಗೆ ಬಂದಾಗ, ಕೆಂಪು ಪುಸ್ತಕದ ಕೊನೆಯ ಪುಟಗಳು ಖಾಲಿ ಇರುವುದನ್ನು ನೋಡಿ, 'ಈ ಶಾಲೆಯಲ್ಲಿ ಶಿಸ್ತು ಮಾದರಿಯಾಗಿದೆ' ಎಂದು ಷರಾ ಬರೆದು ಹೋದರು. ನನ್ನ ಹೆಸರು ಗಟ್ಟಿಯಾದದ್ದು ಹಾಗೆ.

ಜೂನ್ ತಿಂಗಳಲ್ಲಿ ಮಂಜುಳಾ ಕಾಲೇಜಿಗೆ ಸೇರಲು ಟಿ.ಸಿ. ಬೇಕೆಂದು ಅಮ್ಮನ ಜೊತೆ ಬಂದಳು. ಟಿ.ಸಿ.ಯಲ್ಲಿ 'ನಡತೆ' ಎಂದು ಒಂದು ಸಾಲು ಇರುತ್ತದೆ. ಕೆಂಪು ಪುಸ್ತಕದಲ್ಲಿ ಹೆಸರಿದ್ದವರಿಗೆ ಅಲ್ಲಿ 'ತೃಪ್ತಿಕರ' ಎಂದು ಬರೆಯುವುದು ನನ್ನ ರೂಢಿ. ಈ ಸಲ 'ಉತ್ತಮ' ಎಂದು ಬರೆದು ಸೀಲು ಒತ್ತಿದೆ. ಮಂಜುಳಾ ಅದನ್ನು ಅಮ್ಮನಿಗೆ ಓದಿ ಹೇಳಿದಳು.

ಚಿಕ್ಕತಾಯಮ್ಮ ಕಾಗದ ಮಡಚುತ್ತಾ ಕೇಳಿದಳು: "ಈಗ ಉತ್ತಮ ಆದ್ಲಾ ಸಾ, ಮೊದ್ಲಿಂದ್ಲೂ ಉತ್ತಮವಾಗೇ ಇದ್ಲಾ?"

"ಮೊದಲಿನಿಂದಲೂ" ಎಂದೆ.

"ಅಂಗಾದ್ರೆ ಸ್ಕೂಲ್ ಬುಟ್ಟೋದ್ ನಮ್ ಐಕ್ಳುಗೂ ಅಂಗೇ ಬರ್ದುಕೊಡಿ. ಕಳುಸ್ತೀನಿ."

ಮುಂದಿನ ಸೋಮವಾರ ಆಫೀಸಿನ ಮುಂದೆ ಐದಾರು ಜನ ನಿಂತಿದ್ದರು. ನಾನು ಒಬ್ಬೊಬ್ಬರನ್ನೇ ಕರೆದು ಬರೆದುಕೊಟ್ಟೆ. ಕೊನೆಯಲ್ಲಿ ಭಾಗ್ಯ ಬಂದಳು. ಒಂಬತ್ತನೇ ಕ್ಲಾಸಿನಲ್ಲಿ ಗೇಟಿನಿಂದ ವಾಪಸು ಹೋದವಳು, ಎರಡು ವರ್ಷದಿಂದ ಕಳೆ ಕೀಳುತ್ತಿದ್ದವಳು. ಟಿ.ಸಿ. ಪುಸ್ತಕ ತೆರೆದು ಹೆಸರು ಬರೆಯತೊಡಗಿದೆ.

"ಅದು ಬ್ಯಾಡ ಸಾ" ಎಂದಳು.

"ಮತ್ತೆ ಯಾಕೆ ಬಂದೆ?"

"ಅದು ತಕಂಡ್ರೆ ಸ್ಕೂಲ್ ಬುಟ್ಟಂಗಲ್ವಾ? ನಾನು ಬುಟ್ಟಿಲ್ಲ ಸಾ. ನೀವು ಬಾ ಅಂತೀರೇನೋ ಅಂತ ಇದ್ದೆ."

ಅರ್ಧ ಬರೆದ ಟಿ.ಸಿ.ಯ ಮೇಲೆ ಅಡ್ಡಗೆರೆ ಎಳೆದೆ. ಆ ಪುಸ್ತಕದಲ್ಲಿ ನಾನು ಮಾಡಿದ ಮೊದಲ ಚಿತ್ತು ಅದು. ಒಂಬತ್ತನೇ ಕ್ಲಾಸಿನ ಹಾಜರಿ ಪುಸ್ತಕ ತರಿಸಿ, ಕಟ್ಟಕಡೆಯ ಸಾಲಿನಲ್ಲಿ ಭಾಗ್ಯ ಎಂದು ಬರೆದು, "ಹೋಗಿ ಕೂತ್ಕೋ" ಎಂದೆ. ಅವಳು ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಕ್ಕೆ ಹೋದಳು.